ಸೇವಂತಿಗೆಯ ಕಪ್ಪು ಎಲೆ

ಬೆಳಿಗ್ಗೆ ಸೇವಂತಿಗೆ ಗಿಡದ ಕಪ್ಪಾದ ಎಲೆಗಳನ್ನು ಚಿವುಟಿ ಬಂದೆ. ಎರಡು ಸಲ ಸಾಬೂನು ಹಚ್ಚಿ ತೊಳೆದರೂ ಬೆರಳಿಗೆ ಅದರ ಕಹಿ ವಾಸನೆ ಅಂಟಿಕೊಂಡೇ ಇದೆ. ಮೊದಲೆಲ್ಲ ಈ ವಾಸನೆಗೆ ನನಗೆ ಅಳು ಬರುತ್ತಿತ್ತು. ಈಗ ಸಿಟ್ಟು ಬರುತ್ತದೆ. ಯಾಕೆಂದು ಹೇಳುತ್ತೇನೆ, ಕೂತು ಕೇಳಿ. ಇವತ್ತು ನಳ ಬಂದಿತ್ತು, ಹಂಡೆ ಕೊಡಗಳೆಲ್ಲ ತುಂಬಿವೆ, ದೇವರ ದಯೆಯಿಂದ ಸ್ವಲ್ಪ ಪುರುಸೊತ್ತಿದೆ.

ಬೆಂಗೇರಿಯ ಈ ಮನೆಗೆ ನಾನು ಸೊಸೆಯಾಗಿ ಬಂದಾಗ ಅಂಗಳದ ಗೋಡೆಗುಂಟ ಅತ್ತೆಯವರ ಸೇವಂತಿಗೆ ಸಾಲು ಇತ್ತು. ಶುಕ್ರವಾರದ ಲಕ್ಷ್ಮೀಪೂಜೆಗೆ ಅದೇ ಹೂವು. ದೇವರ ಅಭಿಷೇಕದ ನೀರನ್ನು ಯಾರೂ ತುಳಿಯಬಾರದೆಂದು ಅತ್ತೆ ಅದನ್ನು ಕೊಡದ ನೀರಿಗೆ ಬೆರೆಸಿ, ಕೂಸಿಗೆ ಎರೆಯುವ ಹಾಗೆ ಒಂದೊಂದೇ ಗಿಡದ ನೆತ್ತಿಯ ಮೇಲೆ ಸುರಿಯುತ್ತ ಈ ತುದಿಯಿಂದ ಆ ತುದಿಗೆ ಹೋಗುತ್ತಿದ್ದರು. ನೋಡಲು ಚೆಂದವಾಗಿತ್ತು, ಸುಳ್ಳೇಕೆ ಹೇಳಲಿ.

ಆ ಮಳೆಗಾಲದಲ್ಲಿ ಗಿಡಗಳ ಕೆಳಗಿನ ಎಲೆಗಳು ನರಗಳ ನಡುವೆ ತುಂಡು ತುಂಡಾಗಿ ಕಪ್ಪಾಗಿ, ಒಣಗಿ ಜೋತುಬಿದ್ದವು. ಮೊಗ್ಗೂ ನಿಲ್ಲಲಿಲ್ಲ. ಅರಿಷಿಣ ಕುಂಕುಮಕ್ಕೆ ಬಂದಿದ್ದ ಓಣಿಯ ಹೆಂಗಸರ ಎದುರಿಗೇ ಅತ್ತೆ ಕೇಳಿದರು: "ಹೊರಗ ಕೂತಾಗ ಗಿಡಾ ಮುಟ್ಟಿದಿ ಏನ?"

ತಿಂಗಳ ಆ ಮೂರು ದಿನ ನಾನು ಅಂಗಳಕ್ಕೆ ಇಳಿದವಳೇ ಅಲ್ಲ. ಆದರೆ ಹೊಸ ಸೊಸೆ, ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ. "ನೆನಪಿಲ್ರಿ" ಎಂದೆ.

"ಗಿಡಕ್ಕ ನೆನಪದ ನೋಡ ಮತ್ತ."

ಹೆಂಗಸರು ನಕ್ಕರು. ಸೆರಗೇನಾದರೂ ತಾಗಿತ್ತೋ ಏನೋ ಎಂದು ಕೊನೆಗೆ ನಾನೇ ನಂಬಿದೆ. ಅಂದಿನಿಂದ ಪ್ರತಿ ಶುಕ್ರವಾರ ಒಪ್ಪತ್ತು ಊಟ, ಲಕ್ಷ್ಮಿಯ ಮುಂದೆ "ತಪ್ಪಾತು ತಾಯಿ". ಮಗ ಹುಟ್ಟಿದ, ಬೆಳೆದ, ಅವನ ಲಗ್ನವಾಯಿತು, ನನ್ನ ಒಪ್ಪತ್ತು ನಿಲ್ಲಲಿಲ್ಲ. ಆ ಮೂರು ದಿನ ಹಿತ್ತಲ ಬಾಗಿಲಲ್ಲಿ ಕೂತು, ಜೋಳದ ಭಕ್ಕರಿ ಬಡಿಯುವುದಾದರೂ ತಪ್ಪಿತಲ್ಲ, ಇದೂ ದೇವರ ಕೃಪೆ ಎಂದುಕೊಳ್ಳುತ್ತಿದ್ದ ಜಾಣೆ ನಾನು.

ಈಗ ಸೇವಂತಿಗೆಯನ್ನು ಕುಂಡಗಳಲ್ಲಿ ಬೆಳೆಸುತ್ತೇನೆ; ಈ ವರ್ಷ ಆ ಗಿಡಗಳೂ ಹಾಗೇ ಕಪ್ಪಾದವು. ನನ್ನ ಸೊಸೆ ವೀಣಾ ಗೋಕುಲ ರಸ್ತೆಯ ಸಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಾಳೆ. ಅವಳನ್ನು ನಾನು ಏನು ಕೇಳಿದೆ ಗೊತ್ತೇ? ಅದೇ ಮಾತು, ಅದೇ ಧಾಟಿ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ವೀಣಾ ಎದ್ದು ಕುಂಡದ ಹತ್ತಿರ ಹೋದಳು. ಕಪ್ಪು ಎಲೆಯೊಂದನ್ನು ಚೂರು ಮಾಡಿ ನೀರಿನ ಬಟ್ಟಲಲ್ಲಿ ಹಾಕಿಟ್ಟಳು. ಮರುದಿನ ಸಾಲೆಯ ಸೂಕ್ಷ್ಮದರ್ಶಕವನ್ನು ಕೇಳಿ ತಂದು, ಆ ನೀರಿನ ಒಂದು ಹನಿ ಇಟ್ಟು, "ಬರ್ರಿ ಅತ್ತಿ, ನೋಡ್ರಿ" ಎಂದಳು. ಶಾವಿಗೆಯ ಎಳೆಯಂಥ ಹುಳುಗಳು ಹೊರಳಾಡುತ್ತಿದ್ದವು.

"ಬರಿಗಣ್ಣಿಗೆ ಕಾಣಂಗಿಲ್ರಿ. ಎಲಿ ತೊಯ್ದಾಗ ಆ ನೀರಾಗ ಈಸಿ ಮ್ಯಾಲಿನ ಎಲಿಗೆ, ಬಾಜೂ ಗಿಡಕ್ಕ ಹೋಗ್ತಾವ. ಹೊರದೇಶದಾಗ ಇದರ ಬಳಗದ ಹುಳಾನ ಅಡವಿ ಮರದ ಎಲಿನೂ ಹಿಂಗ ಕೆಡಸ್ಲಿಕ್ಕತ್ತದಂತ."

"ಅಲ್ಲೆ ಯಾವ ಸೊಸಿ ಮುಟ್ಟಿದ್ಲಂತ?" ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

ರೋಗ ಹಂಚಿದ್ದು ದೇವರ ಹೆಸರಿನ ಆ ನೀರು. ಪ್ರತಿ ಶುಕ್ರವಾರ, ನೆತ್ತಿಯಿಂದ ನೆತ್ತಿಗೆ. ಆಗ ಅತ್ತೆ ಸುರಿದರು, ಈಗ ನಾನು. ಮೈಯೆಲ್ಲ ಉರಿಯಿತು. ಮಂಚದ ಮೇಲೆ ಜಪಮಾಲೆ ಹಿಡಿದು ಕೂತಿದ್ದ ಅತ್ತೆಗೆ ಹೋಗಿ ಎಲ್ಲ ಹೇಳಿದೆ. ವಯಸ್ಸಾಗಿದೆ, ಆದರೆ ಕಿವಿ ಇನ್ನೂ ಚುರುಕು.

"ಹುಳಾ ನನ್ನ ಕಣ್ಣಿಗೆ ಕಾಣಲಿಲ್ಲ ನೋಡವಾ," ಎಂದರು ಮಣಿ ಸರಿಸುತ್ತ. "ನೀ ಕಾಣಸ್ತಿದ್ದಿ."

ಇಷ್ಟು ವರ್ಷದ ನನ್ನ ಒಪ್ಪತ್ತಿಗೆ ಸಿಕ್ಕ ಉತ್ತರ ಅಷ್ಟೇ. ಆ ಸಿಟ್ಟನ್ನು ಅಡಿಗೆಮನೆಗೆ ಹೊತ್ತುಕೊಂಡು ಹೋಗಿ ವೀಣಾಳ ಮೇಲೆ ಹಾಕಿದೆ: "ನಾ ಕೇಳಿದಾಗ ಮುಟ್ಟಿಲ್ಲಾ ಅಂತ ಹೇಳ್ಲಿಕ್ಕೆ ಏನಾಗಿತ್ತು ನಿನಗ?"

"ಹೆಂಗ ಹೇಳ್ಲಿರಿ? ಮುಟ್ಟೀನಿ ನಾ. ನೀವು ಸ್ನಾನಕ್ಕ ಹೋದಾಗ ದಿನಾ ಹೂವ ಹರದು ಬುಟ್ಟ್ಯಾಗ ಇಡಾಕಿ ಯಾರು? ಲಗ್ನ ಆಗಿ ಬಂದಾಗಿಂದ ಒಂದ ದಿನಾ ಬಿಟ್ಟಿಲ್ಲ. ಆ ಮೂರ ದಿನಾನೂ."

ಆ ಹೂವನ್ನೆಲ್ಲ ಏರಿಸಿದವಳು ನಾನು. ಲಕ್ಷ್ಮಿ ಒಂದನ್ನೂ ಬೇಡವೆಂದಿರಲಿಲ್ಲ.

ಇವತ್ತು ಶುಕ್ರವಾರ. ದೀಪ ಹಚ್ಚಿ ನಿಂತೆ, ಕೈ ಮಾತ್ರ ಜೋಡಿಸಲಿಲ್ಲ. "ತಪ್ಪಾತು ಅಂದದ್ದೆಲ್ಲಾ ತಿರುಗಿ ಕೊಡವಾ ತಾಯಿ, ಅದು ನನ್ನದಲ್ಲ. ವೀಣಾಗ ಅಂದದ್ದೊಂದು ನನ್ನದು. ಅದರ ಮಾಫಿ ನಿನ್ನ ಕಡೆ ಕೇಳಂಗಿಲ್ಲ, ಆಕಿ ಕಡೆನ ಕೇಳ್ತೀನಿ."