ಸೀಟಿನಡಿಯ ಎರಡು ಲೀಟರ್

ಇದು ೧೯೮೬ರ ಬೇಸಿಗೆಯ ಮಾತು. ಆಗ ನಾನು ಬಸವಾಪಟ್ಟಣದಲ್ಲಿ ಪಿಕಪ್ ಗಾಡಿ ಇಟ್ಟುಕೊಂಡು ಬಾಡಿಗೆಗೆ ಓಡಿಸುತ್ತಿದ್ದೆ. ಡೀಸೆಲ್ ಗಾಡಿ. ನನ್ನ ತಂಗಿ ಶಾರದಳನ್ನು ನ್ಯಾಮತಿಗೆ ಕೊಟ್ಟಿದ್ದೆವು. ಅವಳ ಗಂಡ ಚಂದ್ರಪ್ಪನದೂ ಅದೇ ಕಸುಬು, ಅದೇ ಥರದ ಗಾಡಿ. ಒಂದೇ ವಾರದಲ್ಲಿ ಇಬ್ಬರೂ ದಾವಣಗೆರೆಗೆ ಹೋಗಿ ತಂದದ್ದು. ನನ್ನದು ನೀಲಿ, ಅವನದು ಹಸಿರು. ಅಷ್ಟೇ ವ್ಯತ್ಯಾಸ ಎಂದುಕೊಂಡಿದ್ದೆ.

ಒಂದು ದಿನ ಅಪ್ಪ ಊಟಕ್ಕೆ ಕೂತವರು, "ಚಂದ್ರಪ್ಪನ ಗಾಡಿ ಲೀಟರಿಗೆ ಹದಿನಾಕು ಕಿಲೋಮೀಟರ್ ಕೊಡ್ತೈತಂತೆ. ನಿಂದೆಷ್ಟಲೆ?" ಎಂದರು.

ನನ್ನದು ಹತ್ತು ಕೊಡುತ್ತಿತ್ತು. "ಅವೆಲ್ಲ ಬಾಯಿಮಾತು ಬಿಡಪ್ಪ" ಎಂದೆ.

"ಬಾಯಿಮಾತಲ್ಲ. ನಾನೇ ಕೂತು ನೋಡಿ ಬಂದೀನಿ" ಎಂದರು ಅಪ್ಪ. ಇಪ್ಪತ್ತು ವರ್ಷ ಲಾರಿ ಓಡಿಸಿದ ಮನುಷ್ಯ. ಗಾಡಿಯ ವಿಷಯದಲ್ಲಿ ಅವರು ಯಾರನ್ನೂ ಸುಮ್ಮನೆ ಹೊಗಳುವವರಲ್ಲ. ನನ್ನನ್ನಂತೂ ಒಮ್ಮೆಯೂ ಹೊಗಳಿರಲಿಲ್ಲ.

ಮುಂದಿನ ವಾರವೇ ತಂಗಿಯನ್ನು ನೋಡುವ ನೆಪ ಮಾಡಿಕೊಂಡು ನ್ಯಾಮತಿಗೆ ಹೋದೆ. ಚಂದ್ರಪ್ಪ ಏನನ್ನೂ ಮುಚ್ಚಿಡಲಿಲ್ಲ. ಬಾನೆಟ್ ಎತ್ತಿ ಒಂದೊಂದಾಗಿ ತೋರಿಸಿದ. ಹಳೆಯ ಏರ್ ಫಿಲ್ಟರ್ ತೆಗೆದು ದೊಡ್ಡದು ಹಾಕಿಸಿದ್ದ. ಡೀಸೆಲ್ ಪಂಪು, ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಝಲ್ ಬಿಚ್ಚಿಸಿ ಹೊಸದಾಗಿ ಸೆಟ್ ಮಾಡಿಸಿದ್ದ. ಸೈಲೆನ್ಸರ್ ಕೊಳವೆ ಅಗಲ ಮಾಡಿಸಿದ್ದ. ಕ್ಯಾಬಿನ್ ಮೇಲೆ ಓರೆಯಾಗಿ ಒಂದು ತಗಡು ಕೂರಿಸಿದ್ದ. ಎದುರುಗಾಳಿ ಹಿಂದಿನ ಲೋಡಿಗೆ ಬಡಿಯದೆ ಮೇಲೆ ಹಾರಿಹೋಗಲಿ ಎಂದು.

"ಗಾಡಿಗೆ ಟೋಪಿ ಬೇರೆ ಇಟ್ಟೀಯಲ್ಲೋ" ಎಂದು ನಕ್ಕೆ.

ಅವನೂ ನಕ್ಕ. "ನೋಡಾಕೆ ಹಂಗೇ ಕಾಣ್ತೈತೆ ಭಾವ. ಆದ್ರೆ ಲೋಡಿದ್ದಾಗ ಗೊತ್ತಾಗ್ತೈತೆ. ಜಗಳೂರಾಗೆ ಬಾಷಾ ಸಾಬ್ರು ಅಂತ ಮೇಸ್ತ್ರಿ ಅದಾರೆ, ಅವರ ಹತ್ರ ಮಾಡಿಸ್ದೆ. ಬರ್ರಿ, ನಿಮ್ದೂ ಮಾಡಿಸ್ಕೊಂಡು ಬರಾಣ."

"ನೋಡಾಣ" ಎಂದು ಹೇಳಿ ಬಂದೆ. ಅವನ ಜೊತೆ ಹೋಗುವುದು ನನಗೆ ಬೇಡವಾಗಿತ್ತು. ನಾಲ್ಕು ದಿನ ಬಿಟ್ಟು ಯಾರಿಗೂ ಹೇಳದೆ ಒಬ್ಬನೇ ಜಗಳೂರಿಗೆ ಹೋದೆ.

ಬಾಷಾ ಸಾಬ್ರು ಎರಡು ದಿನ ಕೂತು ಎಲ್ಲವನ್ನೂ ಮಾಡಿಕೊಟ್ಟರು. ತಗಡನ್ನೂ ಹಾಕಿಸಿಕೊಂಡೆ. ಬರುವಾಗ ದಾರಿಯಲ್ಲಿ ಅಳೆದು ನೋಡಿದರೆ ಹನ್ನೊಂದೂವರೆ. ಅಲ್ಲಿಂದಲೇ ಗಾಡಿ ತಿರುಗಿಸಿ ಮತ್ತೆ ಅವರ ಶೆಡ್ಡಿನ ಮುಂದೆ ನಿಲ್ಲಿಸಿದೆ.

"ಚಂದ್ರಪ್ಪನ ಗಾಡಿಗೆ ಮಾಡಿದ್ದು ನಂಗೆ ಮಾಡಿಲ್ಲ ನೀವು" ಎಂದೆ.

ಅವರು ಕೈಯೊರೆಸಿಕೊಳ್ಳುತ್ತಾ, "ಒಂದು ನಟ್ಟೂ ಹೆಚ್ಚುಕಮ್ಮಿ ಮಾಡಿಲ್ಲ ರೀ. ಗಾಡ್ಯಾಗೆ ಬರೋದು ಇಷ್ಟೇ. ಮಿಕ್ಕಿದ್ದು ಅವರ ಕಾಲಾಗೈತೆ" ಎಂದರು.

ನಾನು ನಂಬಲಿಲ್ಲ. ಇಬ್ಬರೂ ಸೇರಿ ಏನೋ ಗುಟ್ಟು ಇಟ್ಟುಕೊಂಡಿದ್ದಾರೆ ಎಂದೇ ಲೆಕ್ಕ ಹಾಕಿದೆ. ಹೊಟ್ಟೆಕಿಚ್ಚು ಇದ್ದವನಿಗೆ ನಿಜ ಹೇಳಿದರೂ ಅದು ಮೋಸದಂತೆಯೇ ಕೇಳಿಸುತ್ತದೆ.

ಅದೇ ಹೊತ್ತಿಗೆ ಸೂಳೆಕೆರೆಯ ಮೀನುಗಾರರ ಸಂಘದವರು ದಿನಾ ಜಗಳೂರಿನ ತನಕ ಮೀನು ಸಾಗಿಸಲು ಒಂದು ಗಾಡಿ ಹುಡುಕುತ್ತಿದ್ದರು. ಡೀಸೆಲ್ ಸಂಘದ್ದು. ಹಾಗಾಗಿ ಯಾವ ಗಾಡಿ ಕಡಿಮೆ ಕುಡಿಯುತ್ತದೋ ಅದಕ್ಕೇ ಕೆಲಸ. ನಾನೂ ಕೇಳಿದೆ, ಚಂದ್ರಪ್ಪನೂ ಕೇಳಿದ. ಸಂಘದ ಕಾರ್ಯದರ್ಶಿ ಸಿದ್ದಪ್ಪನವರು, "ಬಾಯಿಲೆ ಹೇಳೋದು ಬ್ಯಾಡ, ಓಡಿಸಿ ತೋರಿಸ್ರಿ" ಎಂದರು.

ಏರ್ಪಾಟು ಹೀಗಿತ್ತು. ಎರಡೂ ಗಾಡಿಯ ಟ್ಯಾಂಕ್ ಖಾಲಿ ಮಾಡುವುದು. ಐದು ಲೀಟರಿನ ಬಿಳಿ ಪ್ಲಾಸ್ಟಿಕ್ ಕ್ಯಾನಿಗೆ ಡೀಸೆಲ್ ತುಂಬಿ, ಡ್ರೈವರ್ ಪಕ್ಕದಲ್ಲಿ ಕಣ್ಣಿಗೆ ಕಾಣುವಂತೆ ಕಟ್ಟಿ, ಅದರಿಂದ ಪಂಪಿಗೆ ಕೊಳವೆ ಬಿಡುವುದು. ಎರಡಕ್ಕೂ ಹತ್ತು ಹತ್ತು ಮೂಟೆ ಮರಳು. ಸೂಳೆಕೆರೆ ಏರಿಯಿಂದ ಹೊರಟು ಬಸವಾಪಟ್ಟಣ, ಹೊನ್ನಾಳಿ, ನ್ಯಾಮತಿ ಮಾರ್ಗವಾಗಿ ಸವಳಂಗದ ಕಡೆ ಹೋಗುವುದು. ಯಾರ ಗಾಡಿ ದೂರ ಹೋಗಿ ನಿಲ್ಲುತ್ತದೋ ಅವರು ಗೆದ್ದಂತೆ.

ಹಿಂದಿನ ದಿನ ನಾನು ಮಾಡಬಾರದ ಕೆಲಸ ಮಾಡಿದೆ. ಎರಡು ಲೀಟರಿನ ಒಂದು ಡಬ್ಬಿಗೆ ಡೀಸೆಲ್ ತುಂಬಿ ಸೀಟಿನಡಿ ಇಟ್ಟೆ. ಅದರಿಂದ ಸಣ್ಣ ಕೊಳವೆ ಎಳೆದು ದೊಡ್ಡ ಕೊಳವೆಗೆ ಸೇರಿಸಿ, ಕೂಡುವ ಜಾಗದಲ್ಲಿ ಒಂದು ನಲ್ಲಿ ಕೂರಿಸಿದೆ. ನಲ್ಲಿ ತಿರುಗಿಸಿದರೆ ಎಂಜಿನ್ ಕ್ಯಾನನ್ನು ಬಿಟ್ಟು ಡಬ್ಬಿಯಿಂದ ಕುಡಿಯಬೇಕು. ಅವನ ಗುಟ್ಟಿಗೆ ನನ್ನದೊಂದು ಗುಟ್ಟು ಎಂದುಕೊಂಡೆ.

ಬೆಳಿಗ್ಗೆ ಸಿದ್ದಪ್ಪನವರು ಟ್ಯಾಂಕು, ಕ್ಯಾನು ಎರಡನ್ನೂ ನೋಡಿದರು. ಸೀಟಿನಡಿ ನೋಡಬೇಕೆಂದು ಅವರಿಗೆ ಹೊಳೆಯಲಿಲ್ಲ. ಆಮೇಲೆ ನನ್ನ ಗಾಡಿ ಹತ್ತಿ ಸರಿಯಾಗಿ ಆ ಡಬ್ಬಿಯ ಮೇಲೆಯೇ ಕೂತರು. ಚಂದ್ರಪ್ಪನ ಗಾಡಿಗೆ ಸಂಘದ ಇನ್ನೊಬ್ಬರು ಹತ್ತಿದರು. ನಾನು ಮೊದಲು ಹೊರಟೆ. ಹತ್ತು ನಿಮಿಷ ಬಿಟ್ಟು ಅವನು ಹೊರಡಬೇಕು ಎಂದು ಮಾತಾಗಿತ್ತು.

ಹೊನ್ನಾಳಿಯಲ್ಲಿ ಸಿದ್ದಪ್ಪನವರು ಚಹಾ ಕುಡಿಯಲು ಇಳಿದಾಗ ಬಗ್ಗಿ ನಲ್ಲಿ ತಿರುಗಿಸಿದೆ. ಸೇತುವೆ ದಾಟಿ ಒಂದಷ್ಟು ದೂರ ಹೋಗುವುದರಲ್ಲಿ ಅವರ ಕಣ್ಣು ಕ್ಯಾನಿನ ಮೇಲೆ ನಿಂತಿತು.

"ಭಾಳ ಚಲೋ ಐತಲ್ರೀ ನಿಮ್ಮ ಗಾಡಿ. ಹೊನ್ನಾಳಿ ಬಿಟ್ಟಮ್ಯಾಲೆ ಇಳಿದೇ ಇಲ್ಲ" ಎಂದರು.

ಅವರು ಹೀಗೇ ಕ್ಯಾನನ್ನು ನೋಡುತ್ತಿದ್ದರೆ ಗುಟ್ಟು ಬಯಲಾಗುತ್ತದೆ. ಈಗಲೇ ನಲ್ಲಿಯನ್ನು ಮತ್ತೆ ಕ್ಯಾನಿನ ಕಡೆ ತಿರುಗಿಸಬೇಕು, ಆದರೆ ಅವರ ಎದುರಿಗೆ ಬಗ್ಗುವುದು ಹೇಗೆ ಎಂದು ಯೋಚಿಸುತ್ತಿರುವಾಗಲೇ ಎಂಜಿನ್ ಕೆಮ್ಮಿತು. ಎರಡು ಸಲ ಜಗ್ಗಿ ನಿಂತೇಹೋಯಿತು. ನಾನು ಕೂರಿಸಿದ ನಲ್ಲಿಯ ಸಂದಿಯಿಂದ ಗಾಳಿ ಒಳಗೆ ಹೋಗಿತ್ತು. ಡೀಸೆಲ್ ಎಂಜಿನ್ ಗಾಳಿ ಎಳೆದುಕೊಂಡರೆ ಮುಗಿಯಿತು; ಪಂಪು ಸಡಿಲಿಸಿ ಆ ಗಾಳಿಯನ್ನು ಪೂರ್ತಿ ಹೊರಗೆ ಹಾಕುವ ತನಕ ಮತ್ತೆ ಹೊತ್ತುವುದಿಲ್ಲ.

"ಕ್ಯಾನಿನಾಗೆ ಇನ್ನೂ ಐತೆ. ಯಾಕೆ ನಿಂತಿತು?" ಎಂದು ಸಿದ್ದಪ್ಪನವರು ಕೇಳಿದರು. ನಾನು ಬಾನೆಟ್ ಎತ್ತಿ ಸುಮ್ಮನೆ ಅದನ್ನೂ ಇದನ್ನೂ ಮುಟ್ಟುತ್ತಾ ನಿಂತೆ. ಸೀಟು ಎತ್ತದೆ ಸರಿ ಮಾಡುವಂತಿರಲಿಲ್ಲ. ಅವರು ಪಕ್ಕದಲ್ಲೇ ನಿಂತಿದ್ದರು.

ಅಷ್ಟರಲ್ಲಿ ಹಸಿರು ಗಾಡಿ ಬಂತು. ಚಂದ್ರಪ್ಪ ಸುಮ್ಮನೆ ದಾಟಿ ಹೋಗಬಹುದಿತ್ತು. ಆದರೆ ಎಂಜಿನ್ ಆರಿಸಿ ಇಳಿದು ಬಂದ. ಎರಡು ಮಾತು ಕೇಳಿ, "ಸಿದ್ದಪ್ಪೋರೆ, ನೀವು ಅಲ್ಲಿ ಮರದಡಿ ಕೂತ್ಕಳ್ರಿ, ಬಿಸಿಲೈತೆ. ನಾನು ನೋಡ್ತೀನಿ" ಎಂದ. ಅವರೂ, ಅವನ ಗಾಡಿಯಲ್ಲಿ ಬಂದಿದ್ದ ಸಂಘದವರೂ ಹೋದರು.

ಚಂದ್ರಪ್ಪ ಕೊಳವೆಯನ್ನು ಕೈಯಲ್ಲಿ ಸವರುತ್ತಾ, ಅದು ಹೋದ ದಾರಿ ಹಿಡಿದು ಬಂದು ಸೀಟು ಎತ್ತಿದ. ಡಬ್ಬಿ ನೋಡಿದ. ನಲ್ಲಿ ನೋಡಿದ. ನಾನು ರಸ್ತೆಯ ಕಡೆ ಮುಖ ಮಾಡಿ ನಿಂತೆ. ಅವನು ಕೂಗಾಡಿದ್ದರೆ ಏನಾದರೂ ಒಂದು ಉತ್ತರ ಕೊಡುತ್ತಿದ್ದೆ. ಅವನು ನನ್ನ ಮುಖವನ್ನೇ ನೋಡಲಿಲ್ಲ. ಡಬ್ಬಿಯ ಕೊಳವೆ ಕಿತ್ತು, ಬಟ್ಟೆಚೂರು ಸುತ್ತಿ ಬಾಯಿ ಮುಚ್ಚಿದ. ಆಮೇಲೆ ಪಂಪಿನ ಬೋಲ್ಟ್ ಸಡಿಲಿಸಿ, ನೊರೆ ನಿಂತು ಬರೀ ಡೀಸೆಲ್ ಬರುವ ತನಕ ಕೈಪಂಪು ಒತ್ತಿದ.

"ಸೆಲ್ಫ್ ಹೊಡೀರಿ ಭಾವ" ಎಂದ. ಹೊಡೆದೆ. ಹೊತ್ತಿತು.

ಸಿದ್ದಪ್ಪನವರು ಎದ್ದು ಬಂದು, "ಏನಾಗಿತ್ತಪ್ಪಾ?" ಎಂದರು.

"ಗಾಳಿ ಹೊಕ್ಕಿತ್ತು ರೀ. ಹೊಸ ಕೊಳವೆ ಅಲ್ವಾ, ಸಡ್ಲಾಗಿತ್ತು" ಎಂದ ಚಂದ್ರಪ್ಪ. ಎಣ್ಣೆ ಕೈಯನ್ನು ಹುಲ್ಲಿಗೆ ಒರೆಸಿ ತನ್ನ ಗಾಡಿ ಹತ್ತಿದ.

ನ್ಯಾಮತಿಯಲ್ಲಿ ಶಾರದ ಅಕ್ಕಪಕ್ಕದ ಹೆಂಗಸರೊಂದಿಗೆ ರಸ್ತೆಬದಿ ನಿಂತಿದ್ದಳು. ನನ್ನನ್ನು ಕಂಡು ಕೈ ಬೀಸಿದಳು. ಅಂಥ ಹೊತ್ತಿನಲ್ಲೂ ನನ್ನ ಬುದ್ಧಿ ನೋಡಿ, ಅವನಿಗೆ ಇದಕ್ಕಿಂತ ಜೋರಾಗಿ ಬೀಸುತ್ತಾಳೇನೋ ಎಂದು ಕನ್ನಡಿಯಲ್ಲಿ ನೋಡುತ್ತಾ ಹೋದೆ.

ಊರು ದಾಟಿ ಸ್ವಲ್ಪ ದೂರಕ್ಕೆ ನನ್ನ ಕ್ಯಾನು ಖಾಲಿಯಾಗಿ ಗಾಡಿ ನಿಂತಿತು. ಅಷ್ಟು ದೂರ ಬಂದದ್ದರಲ್ಲಿ ಡಬ್ಬಿಯಿಂದ ಕದ್ದು ಕುಡಿಸಿದ್ದೂ ಸೇರಿತ್ತು. ಸ್ವಲ್ಪ ಹೊತ್ತಿಗೆ ಹಸಿರು ಗಾಡಿ ಒಂದೇ ಹದದಲ್ಲಿ ಸದ್ದು ಮಾಡುತ್ತಾ ನಮ್ಮನ್ನು ದಾಟಿತು. ಮುಂದೆ ಇನ್ನೂ ಏಳೆಂಟು ಮೈಲಿಗಲ್ಲು ಆಚೆ ಹೋಗಿ ನಿಂತಿತು. ಮೋಸ ಮಾಡಿಯೂ ಸೋತಿದ್ದೆ.

ಕೆಲಸ ಚಂದ್ರಪ್ಪನಿಗೆ ಸಿಕ್ಕಿತು. ಅವನು ಸಿದ್ದಪ್ಪನವರಿಗೆ, "ಸಂತೆ ದಿನ ಒಂದು ಗಾಡಿ ಸಾಕಾಗಲ್ಲ. ಆವಾಗ ನಮ್ಮ ಭಾವನ್ನೂ ಕರೀರಿ" ಎಂದ. ಬೇಡ ಎನ್ನಬೇಕೆಂದು ನನ್ನ ಮನಸ್ಸಿಗೆ ಬಂದಿತ್ತು. ಎನ್ನಲಿಲ್ಲ. ಮನೆ ನಡೆಯಬೇಕಿತ್ತು.

ಜಗಳೂರಿಗೆ ನನ್ನ ಮೊದಲ ಟ್ರಿಪ್ಪಿನ ದಿನ ಚಂದ್ರಪ್ಪ ತನ್ನ ಗಾಡಿಗೆ ಇನ್ನೊಬ್ಬ ಡ್ರೈವರನ್ನು ಹಾಕಿ ನನ್ನ ಪಕ್ಕ ಬಂದು ಕೂತ. "ಭಾವ, ಮುಂದೆ ಎತ್ತಿನಗಾಡಿ ಕಾಣ್ತಿದ್ದಂಗೆ ಕಾಲು ತೆಗೀರಿ. ನೀವು ಅಲ್ಲೀತನಕ ತುಳಿದು ಆಮ್ಯಾಲೆ ಬ್ರೇಕ್ ಹಾಕ್ತೀರಿ. ಬ್ರೇಕ್ ಹಾಕಿದ್ರೆ, ಸುಟ್ಟ ಡೀಸೆಲ್ ರಸ್ತೆಗೆ ಚೆಲ್ಲಿದಂಗೆ" ಎಂದ. ಬಾಷಾ ಸಾಬ್ರು ಹೇಳಿದ್ದು ಸುಳ್ಳಾಗಿರಲಿಲ್ಲ. ಕೆಲವು ತಿಂಗಳಲ್ಲಿ ನನ್ನ ಗಾಡಿಯೂ ಹದಿಮೂರಕ್ಕೆ ಬಂತು. ಹದಿನಾಲ್ಕು ಮಾತ್ರ ಕೊನೆಯವರೆಗೂ ಬರಲಿಲ್ಲ.

ಆದರೆ ನನ್ನ ಸಂಕಟ ತೀರಲಿಲ್ಲ, ಬೇರೆ ರೂಪಕ್ಕೆ ತಿರುಗಿತು. ಅವನು ಅಪ್ಪನಿಗೆ ಹೇಳಿರುತ್ತಾನೆ, ಶಾರದಳಿಗೆ ಹೇಳಿರುತ್ತಾನೆ, ಎಲ್ಲರೂ ಗೊತ್ತಿದ್ದೂ ಸುಮ್ಮನಿದ್ದಾರೆ ಎಂದು ಎಲ್ಲರ ಮುಖ ಹುಡುಕುತ್ತಿದ್ದೆ. ಯಾರ ಮುಖದಲ್ಲೂ ಏನೂ ಕಾಣಲಿಲ್ಲ. ಅವನು ಹೇಳಿಯೇ ಇಲ್ಲ ಎಂದು ಖಾತ್ರಿಯಾದಾಗ ಸಿಟ್ಟು ಇನ್ನೂ ಹೆಚ್ಚಾಯಿತು. ಅಷ್ಟು ದೊಡ್ಡ ವಿಷಯವನ್ನು ಅಷ್ಟು ಸಲೀಸಾಗಿ ನುಂಗಿಕೊಂಡು, ದೊಡ್ಡ ಮನುಷ್ಯನಾಗಿ ಓಡಾಡುತ್ತಿದ್ದಾನೆ ಎನ್ನಿಸುತ್ತಿತ್ತು.

ಎರಡು ವರ್ಷ ಕಳೆದ ಮೇಲೆ ಶಾರದ ತವರಿಗೆ ಬಂದಿದ್ದಾಗ, ಅವಳು ಹಿತ್ತಲಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದಳು. ನಾನೇ ಹೋಗಿ ಎಲ್ಲವನ್ನೂ ಹೇಳಿಬಿಟ್ಟೆ. ಅವಳ ಕೈ ಮೊರದಲ್ಲೇ ನಿಂತಿತು. "ಅದಕ್ಕೇನಾ ಅಣ್ಣ" ಎಂದಳು. "ಪಂದ್ಯ ಗೆದ್ದ ದಿನ ಹೋಳಿಗೆ ಮಾಡಿದ್ದೆ. ಮನೆಗೆ ಬಂದ ಇವ್ರು ಊಟಕ್ಕೆ ಕೂರಲೇ ಇಲ್ಲ. ಗಾಡ್ಯಾಗೆ ಹೋಗಿ ಒಬ್ರೇ ಕೂತಿದ್ರು. ಕೇಳಿದ್ರೆ, ಹೊಟ್ಟೆ ಸರಿ ಇಲ್ಲ ಅಂದ್ರು. ನಾನು ಅದನ್ನೇ ನಂಬಿದ್ದೆ."

ಅವನಿಗೆ ಅದು ಸಲೀಸಾಗಿರಲಿಲ್ಲ ಎಂಬುದು ನನಗೆ ಆವತ್ತು ತಿಳಿಯಿತು. ಮಾರನೆಯ ದಿನ ನಾನೇ ಶಾರದಳನ್ನು ನ್ಯಾಮತಿಗೆ ಬಿಟ್ಟು, "ಚಂದ್ರಪ್ಪ, ನನ್ನದು ತಪ್ಪಾತು" ಎಂದೆ. ಅವನು ತಲೆ ತಗ್ಗಿಸಿ, "ನೀವು ಕೇಳಿದ್ದಿದ್ರೆ ಆ ಕೆಲಸ ನಿಮಗೇ ಬಿಟ್ಟುಕೊಡ್ತಿದ್ದೆ ಭಾವ" ಎಂದ.

ನಾನು ಆಮೇಲೆ ಎಷ್ಟೋ ಗಾಡಿ ಬದಲಾಯಿಸಿದೆ. ಅವನ ಆ ಒಂದು ಮಾತನ್ನು ಮಾತ್ರ ಇವತ್ತಿಗೂ ತಡೆದುಕೊಳ್ಳಲು ಆಗುವುದಿಲ್ಲ.