ಷರತ್ತಿನ ಅಕ್ಷತೆ

ಮಾಸ್ತರರ ಬಲಭುಜ ಎಡಭುಜಕ್ಕಿಂತ ಮೂರು ಬೆರಳು ಕೆಳಗಿತ್ತು. ಕೋಟು ಹಾಕಿಕೊಂಡರೆ ಆ ಕಡೆಯ ತೋಳು ಬೆರಳ ತುದಿಯವರೆಗೆ ಇಳಿಯುತ್ತಿತ್ತು. ಹರೆಯದಲ್ಲಿ ಅಕ್ಕಲಕೋಟದ ಕಡೆಯ ಒಂದು ಹಳ್ಳಿಯಲ್ಲಿ, ಬಾವಿ ಎಲ್ಲ ಜಾತಿಯವರಿಗೂ ತೆರೆಯಲೆಂದು ನಾಲ್ಕು ಮಂದಿಯನ್ನು ಕಟ್ಟಿಕೊಂಡು ಅದರ ಮುಂದೆ ಕೂತಿದ್ದಾಗ ಬಿದ್ದ ಬಡಿಗೆಯ ಏಟು ಅದು. "ನೀವು ತಿರುಗಿ ಹೊಡೀಲಿಲ್ಲೇನ್ರಿ?" ಎಂದು ಒಮ್ಮೆ ಕೇಳಿದ್ದೆ.

"ಹೊಡೀಬೇಕಂದ್ರ ಎದ್ದು ನಿಲ್ಲಬೇಕಾಗತಿತ್ತು ತಂಗಿ. ನಾವು ಕೂಡಾಕ ಹೋಗಿದ್ವಿ," ಎಂದರು.

ಬಾವಿ ತೆರೆಯಿತಂತೆ. ಭುಜ ಮಾತ್ರ ಸರಿಹೋಗಲಿಲ್ಲ.

ನಾನು ಕಂಡಾಗ ಅವರು ಶಾಲೆಯಿಂದ ನಿವೃತ್ತರಾಗಿ, ಹೆಂಡತಿಯನ್ನೂ ಕಳೆದುಕೊಂಡು, ಸೊಲ್ಲಾಪುರದ ನಮ್ಮ ಗಲ್ಲಿಯ ತುದಿಯಲ್ಲಿ ಒಂದೇ ಕೋಣೆಯಲ್ಲಿದ್ದರು. ನಮ್ಮದು ಬಟ್ಟೆ ವ್ಯಾಪಾರದ ಮನೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಹದಿನೈದು ತುಂಬಿದರೂ ನನಗೆ ಕನ್ನಡದ ಒಂದಕ್ಷರ ಓದಲು ಬರುತ್ತಿರಲಿಲ್ಲ. "ಮಾತು ಬರ್ತದ, ಓದಾಕ ಬರೂದಿಲ್ಲಂದ್ರ ಮನಿ ಇದ್ದೂ ಕೀಲಿ ಇಲ್ಲದಂಗ," ಎಂದು ಕೂರಿಸಿ ಕಲಿಸಿದವರು ಅವರು. ಗಲ್ಲಿಯ ಐದು ಹುಡುಗಿಯರು ಸಂಜೆ ಹೋಗುತ್ತಿದ್ದೆವು.

ಅವರಿಗೊಂದು ಹಟವಿತ್ತು. ಆಗ ನಮ್ಮಲ್ಲಿ ಮದುವೆಯ ಪಂಕ್ತಿಗಳೆಲ್ಲ ಮುಗಿದ ಮೇಲೆ, ರಸ್ತೆ ಗುಡಿಸುವವರಿಗೆ, ಗಟಾರ ಬಳಿಯುವವರಿಗೆ ಹಂದರದ ಹೊರಗೆ ಬಡಿಸುತ್ತಿದ್ದರು. ಕರೆದ ಮನೆಗೆಲ್ಲ ಮಾಸ್ತರರು ಹೋಗುವರು, ವಧೂವರರಿಗೆ ಅಕ್ಷತೆ ಹಾಕುವರು, ಆಮೇಲೆ ಹೊರಗೆ ಬಂದು ಆ ಕೊನೆಯ ಪಂಕ್ತಿಗಾಗಿ ಕಾಯುವರು. ಭಾಷಣವಿಲ್ಲ, ಘೋಷಣೆಯಿಲ್ಲ. ಯಜಮಾನರು ಓಡಿಬಂದು ಒಳಗೆ ಕರೆದರೆ ಕೈಮುಗಿದು, "ಇಲ್ಲೇ ಆರಾಮ ಅದರಿ, ಬಡಸ್ರಿ," ಎನ್ನುವರು. ಕರೆದವರ ಮುಖ ಹುಳ್ಳಗಾಗುತ್ತಿತ್ತು. ಬೈಯಲಾರರು, ಬಿಡಲಾರರು.

ಹೀಗಾಗಿ ಜನ ಸುಲಭದ ದಾರಿ ಹಿಡಿದರು. ನಮ್ಮಲ್ಲಿ ಮನೆಗೆ ಬಂದು ಅಕ್ಷತೆ ಕೊಟ್ಟು ಕರೆಯದಿದ್ದರೆ ಮದುವೆಗೆ ಹೋಗುವ ರೂಢಿಯಿಲ್ಲ. ಅಕ್ಷತೆಯ ಬಟ್ಟಲು ಅವರ ಬಾಗಿಲು ದಾಟಿ ಮುಂದೆ ಹೋಗತೊಡಗಿತು. ಹುಡುಗಿಯರೂ ಒಬ್ಬೊಬ್ಬರಾಗಿ ಬಿಟ್ಟರು. ನಾನೊಬ್ಬಳೇ ಉಳಿದೆ. ಅವರು ಮಾತ್ರ ದಿನಾ ಐದು ಮಂದಿಗೆ ಆಗುವಷ್ಟು ಚಾಪೆ ಹಾಸುತ್ತಿದ್ದರು. ಅದರ ಒಂದು ಮೂಲೆಯಲ್ಲಿ ಕೂತು ಓದಲು ನನಗೆ ಸಂಕಟವಾಗುತ್ತಿತ್ತು.

ಎಪ್ಪತ್ತರ ದಶಕದ ಮೊದಲಲ್ಲಿ ನನ್ನ ಮದುವೆ ಅಕ್ಕಲಕೋಟದ ವ್ಯಾಪಾರದ ಮನೆಯೊಂದಕ್ಕೆ ಗೊತ್ತಾಯಿತು. ಮಾಸ್ತರರು ಬರಲೇಬೇಕು ಎಂದೆ. ಅಪ್ಪ ಕೆಟ್ಟವರಲ್ಲ, ಅಂಜುಬುರುಕರು. "ಅವ್ರು ಹೊರಗ ಕೂತ್ರಂದ್ರ ಬೀಗರು ಎದ್ದು ಹೋಗ್ತಾರ. ಒಳಗ ಕೂಡ್ತೀನಿ ಅಂದ್ರ ಕರಿ," ಎಂದರು.

ನಾನೇ ಬಟ್ಟಲು ಹಿಡಿದು ಹೋದೆ. ಅವರ ಮುಖ ಅಷ್ಟು ಅರಳಿದ್ದನ್ನು ಎಂದೂ ಕಂಡಿರಲಿಲ್ಲ. ಎಷ್ಟೋ ತಿಂಗಳ ಮೇಲೆ ಆ ಬಾಗಿಲಿಗೆ ಬಂದ ಅಕ್ಷತೆ ಅದು. ಎರಡೂ ಕೈ ಚಾಚಿದರು. ಕಾಳು ಹಾಕಿ, ನೆಲ ನೋಡುತ್ತ ಹೇಳಿದೆ: "ಮಾಸ್ತರ್ರ, ಇದೊಂದ ಸಲ ಒಳಗ ಕೂಡ್ರಿ. ನನ್ನ ಸಲುವಾಗಿ."

ಅವರು ಕೈಯಲ್ಲಿದ್ದ ಕಾಳು ನೋಡಿದರು. ಆಮೇಲೆ, "ಷರತ್ತಿನ ಅಕ್ಷತಿ ತಗೊಂಡು ಬರಾಕ ಆಗೂದಿಲ್ಲ ತಂಗಿ. ಬಗ್ಗು ಇಲ್ಲೆ," ಎಂದರು. ಬಗ್ಗಿದೆ. ಎತ್ತಲಾರದ ಬಲಗೈಯನ್ನು ಎಡಗೈಯಿಂದ ಎತ್ತಿಕೊಂಡು, ಅಷ್ಟೂ ಕಾಳನ್ನು ನನ್ನ ತಲೆಯ ಮೇಲೆ ಹಾಕಿದರು. "ಸುಖವಾಗಿರು. ನನ್ನ ಕೆಲಸ ಮುಗೀತು, ನೀ ನಡಿ. ತಡಾ ಆದ್ರ ಮನ್ಯಾಗ ಕಾಯ್ತಾರ."

ಅವರ ಮೇಲೆ ಸಿಟ್ಟು ಬಂತು. ನನಗಾಗಿ ಒಂದು ಊಟ ಒಳಗೆ ಮಾಡಬಾರದಿತ್ತೇ ಎಂದು ದಾರಿಯುದ್ದಕ್ಕೂ ಗೊಣಗಿದೆ. ಆ ಸಿಟ್ಟಿನಲ್ಲಿ ನನಗೆ ಅನುಕೂಲವಿತ್ತು, ನನ್ನ ತಪ್ಪನ್ನು ನೋಡಬೇಕಿರಲಿಲ್ಲ. ಮದುವೆಯ ದಿನ ಹಂದರ ತುಂಬ ಜನ, ಗೋಧಿ ಹುಗ್ಗಿಯ ವಾಸನೆ, ಬ್ಯಾಂಡಿನ ಗದ್ದಲ. ನನ್ನ ಕಣ್ಣು ಮಾತ್ರ ಬಾಗಿಲ ಕಡೆಗಿತ್ತು. ಅವರು ಬರಲಿಲ್ಲ. ಅಷ್ಟು ಜನರ ನಡುವೆ ಕೂತು ನಾನು ಒಬ್ಬಂಟಿಯಾಗಿದ್ದೆ. ಗಂಡನ ಮನೆ ಸೇರಿದ ಮೇಲೆ ಒಂದು ಕಾಗದವನ್ನೂ ಬರೆಯಲಿಲ್ಲ. ಅವರೇ ಕಲಿಸಿದ ಅಕ್ಷರಗಳಲ್ಲಿ ಅವರಿಗೆ ಏನೆಂದು ಬರೆಯಲಿ?

ಮೂರು ವರ್ಷಕ್ಕೆ ಅವ್ವನ ಕಾರ್ಡು ಬಂತು: ಮಾಸ್ತರರು ತೀರಿಕೊಂಡರು, ಮಣ್ಣೂ ಆಯಿತು. ಮರುದಿನದ ಬಸ್ಸಿಗೇ ಸೊಲ್ಲಾಪುರಕ್ಕೆ ಹೋದೆ. ಕೋಣೆಗೆ ಕೀಲಿ ಬಿದ್ದಿತ್ತು. ಗಲ್ಲಿ ಗುಡಿಸುವ ಹೆಂಗಸು ಅವರ ಬಾಗಿಲ ಮುಂದಿನ ಕಸ ಬಳಿಯುತ್ತಿದ್ದಳು.

"ಮಣ್ಣಿಗೆ ಯಾರು ಬಂದಿದ್ರು?" ಎಂದೆ.

"ನಾವಽ ಹೊತ್ತೀವ್ರಿ. ಗಲ್ಲಿ ಮಂದಿ ಬಾಗಿಲದಾಗ ನಿಂತು ಕೈ ಮುಗದ್ರು."

"ನನ್ನ ಲಗ್ನಕ್ಕ ಅವ್ರು ಬರ್ಲಿಲ್ಲ," ಎಂದುಬಿಟ್ಟೆ. ಅವಳಿಗೇಕೆ ಹೇಳಿದೆನೋ, ಬೇರೆ ಯಾರಿಗೂ ಹೇಳಿರಲಿಲ್ಲ.

ಅವಳು ಕಸಬರಿಗೆ ಗೋಡೆಗೆ ಆನಿಸಿದಳು. "ಬರ್ಲಿಲ್ಲ ಖರೆ. ಆದ್ರ ನಿಮ್ಮ ಲಗ್ನದ ಊಟ ಮಾಡ್ಯಾರ್ರಿ. ಪಂಕ್ತ್ಯಾಗ ಅವ್ರ ಕಾಣಲಿಲ್ಲ, ನನಗ ತುತ್ತು ಇಳೀಲಿಲ್ಲ. ನಮಗ ಬಡಿಸಿದ್ದನ್ನ ಡಬ್ಬ್ಯಾಗ ಹಾಕ್ಕೊಂಡು ಇಲ್ಲಿ ತಂದ್ನಿ. ಇಬ್ಬರೂ ಕೂತು ಉಂಡ್ವಿ. 'ನಮ್ಮ ಹುಡುಗಿ ಲಗ್ನದ ಹುಗ್ಗಿ, ಇನ್ನೊಂದೀಟ ಹಾಕು' ಅಂತ ಕೇಳಿ ಹಾಕಿಸ್ಕೊಂಡ್ರು."

ನಾನು ಆ ಕೀಲಿ ಬಿದ್ದ ಬಾಗಿಲ ಮುಂದೆ ನಿಂತು ಅತ್ತೆ. ಅವರನ್ನು ನನ್ನ ಮದುವೆಗೆ ನಿಜವಾಗಿ ಕರೆದವಳು ಇವಳು. ನಾನು ಹುಟ್ಟಿದಾಗಿನಿಂದ ನಮ್ಮ ಮನೆಯ ಮುಂದೆ ಗುಡಿಸಿದವಳು. ಅವಳ ಹೆಸರು ನನಗೆ ಗೊತ್ತಿರಲಿಲ್ಲ. ಅವತ್ತು ಕೇಳಿದೆ.