ಸತ್ಯಮಂಗಲಕ್ಕೆ ಹೊರಟ ಸರ್ವೆ ಮರ

ಮೊನ್ನೆ ಎದುರು ಮನೆಯವರು ನಂಜನಗೂಡಿನ ಕಡೆಯಿಂದ ತಂದೆವೆಂದು ಒಂದು ಚಿಪ್ಪು ರಸಬಾಳೆ ಕೊಟ್ಟು ಹೋದರು. ಈಗ ಸರಸ್ವತಿಪುರಂನ ತಳ್ಳುಗಾಡಿಗಳಲ್ಲಿ ರಸಬಾಳೆ ಎಂದು ಕೂಗಿ ಮಾರುವುದೆಲ್ಲ ರಸಬಾಳೆಯಲ್ಲ. ನನ್ನ ನಾಲಿಗೆಗೆ ಮೋಸ ಮಾಡಬಹುದು, ಮೂಗಿಗೆ ಮಾಡಲಾಗದು. ಹಾಗಾಗಿ ಅನುಮಾನದಿಂದಲೇ ಅಡುಗೆಕಟ್ಟೆಯ ಮೇಲಿಟ್ಟು ಮಲಗಿದೆ. ಬೆಳಗ್ಗೆ ಎದ್ದು ಬಂದರೆ ಮನೆ ತುಂಬ ಆ ಘಮ! ಅಸಲಿ ಹಣ್ಣೇ. ಅದರ ಬೆನ್ನಿಗೇ ಕಲ್ಲಿದ್ದಲಿನ ಹೊಗೆ, ಒದ್ದೆ ಗೋಣಿಚೀಲ, ಎಲೆಯಡಿಕೆ... ರೈಲಿನ ಹೆಂಗಸರ ಡಬ್ಬಿಯ ಆ ಗಲಾಟೆ. ಎಂಬತ್ತು ದಾಟಿ ಎಷ್ಟೋ ವರ್ಷವಾದ ನಾನು ಅಡುಗೆಮನೆಯಲ್ಲಿ ಒಬ್ಬಳೇ ನಿಂತು ನಕ್ಕೆ. ಹಣ್ಣಿನಮ್ಮ ಬಂದುಬಿಟ್ಟಿದ್ದಳು.

ಐವತ್ತರ ದಶಕದ ಕೊನೆಯ ವರ್ಷಗಳು. ನನಗೆ ನಂಜನಗೂಡಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತ್ತು. ಮನೆ ಮೈಸೂರಿನ ಚಾಮರಾಜಪುರಂ ಸ್ಟೇಷನ್ನಿನ ಹತ್ತಿರ. ಬೆಳಗ್ಗೆ ಚಾಮರಾಜನಗರದ ಗಾಡಿ ಹತ್ತುವುದು, ಸಂಜೆ ಅದೇ ಗಾಡಿಯಲ್ಲಿ ಹಿಂದಕ್ಕೆ ಬರುವುದು. ಗಾಡಿ ಎಂದರೆ ಎಂಥ ಗಾಡಿ! ಮುಂದೆ ಕೆಮ್ಮುವ ಉಗಿ ಎಂಜಿನ್ನು, ಹಿಂದೆ ನಾಲ್ಕಾರು ಪ್ಯಾಸೆಂಜರ್ ಡಬ್ಬಿ, ಅವುಗಳ ಬಾಲಕ್ಕೆ ಅಂದಂದು ಸಿಕ್ಕಿದ ಗೂಡ್ಸ್ ಡಬ್ಬಿ. ಅಶೋಕಪುರಂನಲ್ಲಿ ರೈಲ್ವೆ ಕಾರ್ಖಾನೆಯ ಜನ ಇಳಿದರೆ ಗಾಡಿ ಅರ್ಧ ಖಾಲಿ, ಕಡಕೊಳದಲ್ಲಿ ಮತ್ತೆ ಭರ್ತಿ. ಆಮೇಲೆ ತಾಂಡವಪುರ, ಕಪಿಲೆಯ ಸೇತುವೆ, ನಂಜನಗೂಡು. ಅಲ್ಲಿ ಎಂಜಿನ್ನು ನೀರು ಕುಡಿದು ಕವಲಂದೆ, ಬದನಗುಪ್ಪೆಯ ಮೇಲೆ ಏದುಸಿರು ಬಿಡುತ್ತ ಚಾಮರಾಜನಗರ ಸೇರುತ್ತಿತ್ತು. ಅಲ್ಲಿಗೆ ಕಂಬಿ ಮುಗಿಯಿತು. ಒಂಟಿ ಹಳಿಯಾದ್ದರಿಂದ ಬೆತ್ತದ ಬಳೆಗೆ ಕಟ್ಟಿದ ಟೋಕನ್ನನ್ನು ಸ್ಟೇಷನ್ ಮಾಸ್ಟರು ಡ್ರೈವರ್ ಕೈಗೆ ಕೊಟ್ಟರೆ ಮಾತ್ರ ಮುಂದಿನ ಸ್ಟೇಷನ್ನಿಗೆ ಅಪ್ಪಣೆ. ಹಣ್ಣಿನಮ್ಮ ಅದನ್ನು ತಾಂಬೂಲ ಎನ್ನುತ್ತಿದ್ದಳು. "ತಾಂಬೂಲ ಈಸ್ಕಳ್ದೆ ಯಾರಾದ್ರೂ ಎದ್ದೋಯ್ತಾರಾ ಮೇಷ್ಟ್ರಮ್ಮ?"

ಮೇಷ್ಟ್ರಮ್ಮ ಎಂದರೆ ಮೇಷ್ಟ್ರ ಹೆಂಡತಿ. ನಾನು ಆಗ ಯಾರ ಹೆಂಡತಿಯೂ ಅಲ್ಲ, ನಾನೇ ಮೇಷ್ಟರು ಎಂದು ಎಷ್ಟು ಸಲ ತಿದ್ದಿದರೂ ಅವಳು ತಿದ್ದಿಕೊಳ್ಳಲಿಲ್ಲ. ನಮ್ಮ ಬೀದಿಯ ಹಿಂದೆಯೇ ಅವಳ ಮನೆ. ಗಂಡ ತೀರಿಹೋಗಿದ್ದ. ಬೆಳಗ್ಗೆ ಖಾಲಿ ಕುಕ್ಕೆ ಹಿಡಿದು ನಂಜನಗೂಡಿಗೆ ಹೋಗಿ, ಸಂಜೆ ಕುಕ್ಕೆ ತುಂಬ ರಸಬಾಳೆ ತಂದು ಚಾಮರಾಜಪುರಂನ ಮನೆಮನೆಗೆ ಮಾರುತ್ತಿದ್ದಳು. ಹೆಂಗಸರ ಡಬ್ಬಿಗೆ ಅವಳದೇ ಕಾನೂನು. "ಬಸ್ರೀರು ಕಿಟ್ಕಿ ಕಡೆ, ಬಾಯಿರೋರು ಬಾಗ್ಲ ಕಡೆ!" ನನ್ನನ್ನು ಎರಡನೆಯ ದಿನವೇ ಬಾಗಿಲ ಕಡೆಗೆ ಕೂರಿಸಿದ್ದಳು.

ಅವಳಿಗೆ ಇದ್ದದ್ದು ಒಬ್ಬಳೇ ಮಗಳು. ಆ ಮಗಳನ್ನು ಸತ್ಯಮಂಗಲಕ್ಕೆ ಕೊಟ್ಟಿದ್ದಳು. ಚಾಮರಾಜನಗರ ದಾಟಿ, ಕಾಡು ಹಾಯ್ದು, ದಿಂಬಂ ಘಾಟಿ ಇಳಿದರೆ ಸತ್ಯಮಂಗಲ. ಅದು ಮದ್ರಾಸ್ ರಾಜ್ಯ. ಮದುವೆಗೆ ಹೋದಾಗ ಘಾಟಿಯ ಒಂದೊಂದು ತಿರುವಿನಲ್ಲೂ ಹಣ್ಣಿನಮ್ಮ ವಾಂತಿ ಮಾಡಿಕೊಂಡಿದ್ದಳಂತೆ. "ಹೆಣ್ಣು ಒಪ್ಸೋ ಹೊತ್ಗೆ ನನ್ನೇ ಇಬ್ರು ಹಿಡ್ಕೊಂಡಿದ್ರು ಕಣ್ರವ್ವ" ಎಂದು ತಾನೇ ಹೇಳಿ ನಗುತ್ತಿದ್ದಳು. ಇನ್ನು ಸತ್ತರೂ ಆ ಬಸ್ಸು ಹತ್ತುವುದಿಲ್ಲ ಎಂದು ಅಲ್ಲಿಯೇ ಆಣೆ ಹಾಕಿದ್ದಳು.

ಆದರೆ ಮಗಳ ಸುದ್ದಿ ಅವಳಿಗೆ ತಪ್ಪದೆ ಸಿಗುತ್ತಿತ್ತು. ಹೇಗೆಂದರೆ, ಕಪಿಲೆಯ ಮೇಲಿನ ಆ ಹಳೆಯ ಕಲ್ಲುಸೇತುವೆ ರೈಲಿಗೂ ಒಂದೇ, ಎತ್ತಿನಗಾಡಿಗೂ ಒಂದೇ. ರೈಲು ಬರುವಾಗ ಗೇಟು ಹಾಕಿ ಉಳಿದವರನ್ನೆಲ್ಲ ನಿಲ್ಲಿಸುತ್ತಿದ್ದರು. ರೈಲೋ ಮದುಮಗಳ ಹಾಗೆ ಹೆಜ್ಜೆ ಎಣಿಸಿಕೊಂಡು ದಾಟಬೇಕು. ಗೇಟಿನಲ್ಲಿ ನಿಂತ ಲಾರಿಗಳಲ್ಲಿ ಒಂದು ಸತ್ಯಮಂಗಲದ್ದು. ಅದರ ಡ್ರೈವರು ಅಳಿಯನ ಬೀದಿಯವನೇ. ಲಾರಿ ಕಂಡಿತೋ, ಹಣ್ಣಿನಮ್ಮ ಸೊಂಟದವರೆಗೂ ಕಿಟಕಿಯಾಚೆ! "ಲೇ ತಮ್ಮಾ, ನನ್ ಮಗ್ಳು ಎಂಗವ್ಳಲಾ?" ನಾವೆಲ್ಲ ಅವಳ ಸೆರಗು ಹಿಡಿದು ಕೂತಿರುತ್ತಿದ್ದೆವು. ಸೇತುವೆ ಮುಗಿಯುವುದರೊಳಗೆ ಎರಡು ಪ್ರಶ್ನೆ, ಎರಡು ಉತ್ತರ. ಅಷ್ಟರಲ್ಲೇ ಲೋಕದ ಸಂಗತಿಯೆಲ್ಲ ಆಗಬೇಕು.

ಹಾಗೆ ಒಂದು ಬೆಳಗ್ಗೆ ಗೇಟಿನ ಕಡೆಯಿಂದ ಡ್ರೈವರು ಕೂಗಿದ. "ಅಮ್ಮಾ, ಅಕ್ಕ ಮುಟ್ಟು ನಿಂತವ್ರೆ!" ಡಬ್ಬಿಗೆ ಡಬ್ಬಿಯೇ ಹೋ ಎಂದಿತು. ಮೊದಲ ಬಸುರು! ಆ ಸಂಜೆ ನಮಗೆಲ್ಲ ಒಂದೊಂದು ಹಣ್ಣು, ಗಾರ್ಡ್ ಸಾಹೇಬರಿಗೆ ಎರಡು.

ಮೊದಲ ಹೆರಿಗೆ ತವರಿನಲ್ಲಿ ಆಗಬೇಕು. ಅದನ್ನು ಹಣ್ಣಿನಮ್ಮ ಯಾರೊಂದಿಗೂ ಚರ್ಚೆಗೆ ಇಡುವವಳಲ್ಲ. ಆದರೆ ಬೀಗರು ಅದೇ ಡ್ರೈವರನ ಕೈಯಲ್ಲಿ ಹೇಳಿಕಳಿಸಿದರು: ಬಸುರಿ ಹೆಂಗಸನ್ನು ಘಾಟಿ ಬಸ್ಸಿನಲ್ಲಿ ಕಳಿಸುವುದಿಲ್ಲ, ರೈಲಿದ್ದಿದ್ದರೆ ಕಳಿಸುತ್ತಿದ್ದೆವು. ಇಲ್ಲ ಎನ್ನಲಾರದೆ ಅಂದ ಮಾತು ಅದು. ನಂಜನಗೂಡಿನ ಆಸ್ಪತ್ರೆಗೆ ನಮ್ಮ ಜೊತೆಯಲ್ಲೇ ಓಡಾಡುತ್ತಿದ್ದ ನರ್ಸಮ್ಮನೂ ಬೀಗರು ಅಂದದ್ದು ಸರಿ ಎಂದರು. ನಾನು ಮೇಷ್ಟರ ಬುದ್ಧಿ ಬಿಡದೆ, ಬೆಂಗಳೂರಿಗೆ ಹೋಗಿ, ಅಲ್ಲಿಂದ ಜೋಲಾರಪೇಟೆ, ಅಲ್ಲಿಂದ ಈರೋಡು, ಆಮೇಲೆ ಸ್ವಲ್ಪ ಬಸ್ಸು, ಹೀಗೂ ರೈಲಿದೆಯಲ್ಲ ಎಂದೆ.

"ಕೊಂಕಣ ಸುತ್ತಿ ಮೈಲಾರಕ್ಕೆ ಬಂದಂಗೆ!" ಎಂದಳು ಹಣ್ಣಿನಮ್ಮ. "ಅಷ್ಟೂರು ಸುತ್ತೋ ಹೊತ್ಗೆ ಮಗೀಗೆ ಹಲ್ಲು ಬಂದಿರ್ತದೆ, ಬುಡಿ."

ಆ ವಾರವೇ ಪತ್ರಿಕೆಯಲ್ಲಿ ಸುದ್ದಿ ಬಂತು. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ರೈಲು ಹಾಕುವ ಬಗ್ಗೆ ಸರ್ವೆ ಆಗಲಿದೆ ಎಂದು. ಡಬ್ಬಿಯಲ್ಲಿ ನಾನೇ ಗಟ್ಟಿಯಾಗಿ ಓದಿದೆ. ನಮ್ಮ ಪುಟ್ಟ ರೈಲು ಬೆಟ್ಟ ದಾಟಿ ಇನ್ನೊಂದು ರಾಜ್ಯಕ್ಕೆ ಹೋಗುವುದೆಂದರೆ! ಯಾರೋ ಆಗಲೇ ಊಟಿಯ ಕ್ಯಾರೆಟ್ಟಿನ ಬೆಲೆ ಇಳಿಸಿದರು, ಇನ್ಯಾರೋ ಪಳನಿಗೆ ಹೊರಟೇಬಿಟ್ಟರು. ಹಣ್ಣಿನಮ್ಮ ಮಾತ್ರ ಬಾಯಿ ತೆರೆದುಕೊಂಡು ಕೂತಿದ್ದಳು.

ಎರಡು ದಿನ ಕಳೆದಿರಬೇಕು. ನಂಜನಗೂಡಿನಲ್ಲಿ ಇಳಿದವಳೇ ಹಿಂದಿನ ಗೂಡ್ಸ್ ಡಬ್ಬಿಯತ್ತ ನೋಡಿ ಕುಕ್ಕೆ ಬಿಟ್ಟು ಓಡಿದಳು. "ಸರ್ವೆ ಹೊಂಟದೆ! ಮೇಷ್ಟ್ರಮ್ಮ, ಬನ್ರವ್ವ, ಸತ್ಯಮಂಗ್ಲಕ್ಕೆ ಸರ್ವೆ ಹೊಂಟದೆ!" ಹೋಗಿ ನೋಡಿದರೆ ತೆರೆದ ಡಬ್ಬಿಯ ತುಂಬ ಸರ್ವೆ ಮರದ ಗಳಗಳು. ಚಪ್ಪರಕ್ಕೆ ಹಾಕುತ್ತಾರಲ್ಲ, ನೆಟ್ಟಗಿನ ಉದ್ದನೆಯ ಮರಗಳು, ಅವೇ. ಅವಳ ಲೆಕ್ಕ ಸರಳ. ಯಾವ ಶುಭಕಾರ್ಯವಾದರೂ ಮೊದಲು ಬರುವುದು ಚಪ್ಪರದ ಸರ್ವೆ. ಸರ್ವೆ ಬಂತೆಂದರೆ ಕಾರ್ಯ ನಿಶ್ಚಯ. ಪತ್ರಿಕೆಯವನೂ ಅದನ್ನೇ ತಾನೆ ಬರೆದದ್ದು? ಅವಳ ಉತ್ಸಾಹ ಹೇಗಿತ್ತೆಂದರೆ, ಎರಡು ಅಕ್ಷರ ಕಲಿತ ನಾನೂ ಒಂದು ಗಳಿಗೆ ಆ ಮರಗಳನ್ನು ನೋಡಿ ಕೈಚಪ್ಪಾಳೆ ತಟ್ಟಿದೆ. ಮರುದಿನ ಸೇತುವೆಯ ಮೇಲೆ ಅವಳು ಕೂಗಿ ಹೇಳಿಯೂಬಿಟ್ಟಳು. "ಬೀಗ್ರಿಗೆ ಹೇಳಲಾ ತಮ್ಮಾ, ಸರ್ವೆ ಬಂತು! ಮಗ್ಳ ರೈಲಲ್ಲೇ ಕರ್ಕೊಂಡ್ಬತ್ತೀನಿ!"

ಆಮೇಲೆ ಗಾರ್ಡ್ ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಗಳಗಳು ಚಾಮರಾಜನಗರಕ್ಕೆ ಬಂದಿದ್ದ ಟೆಂಟು ಸಿನಿಮಾದ್ದಂತೆ. ಪತ್ರಿಕೆಯ ಸರ್ವೆ ಎಂದರೆ ನೆಲ ಅಳೆಯುವುದು ಎಂದು ನಾನು ಬಿಡಿಸಿ ಹೇಳಬೇಕಾಯಿತು.

"ಅಳ್ದ ಮ್ಯಾಲೆ?"

"ಬರ್ದು ಡೆಲ್ಲಿಗೆ ಕಳಿಸ್ತಾರಮ್ಮ. ಅಲ್ಲಿಂದ ಒಪ್ಪಿಗೆ ಬರ್ಬೇಕು."

"ಹೆರ್ಗೆ ಏನು ಡೆಲ್ಲೀನ ಕೇಳ್ಕಂಡು ಬತ್ತದಾ?" ಎಂದಳು. ರಾಜ್ಯಗಳ ಗಡಿಗಳನ್ನು ಹೊಸದಾಗಿ ಗುರುತಿಸಿ ಆಗ ಹೆಚ್ಚು ಕಾಲವಾಗಿರಲಿಲ್ಲ. ಕಿಟಕಿಯಾಚೆ ನೋಡುತ್ತ ಅವಳು ಮತ್ತೆ ಅಂದಳು. "ಗೆರೆ ಎಳೆಯಕ್ಕೆ ಬತ್ತದೆ ಇವ್ರಿಗೆ, ಕಂಬಿ ಎಳೆಯಕ್ಕೆ ಬರಕಿಲ್ವಾ?"

ದಿನಗಳು ಓಡುತ್ತಿದ್ದವು. ಬೀಗರ ಮನೆಯಲ್ಲಿ ಹೋಗಿ ಕೂತು ಅವರ ಅನ್ನ ಉಂಡು ಬಾಣಂತನ ಮಾಡುವುದು ತವರಿಗೆ ಅವಮಾನ. ಹೋಗದಿದ್ದರೆ ಮಗಳು ನೋವು ತಿನ್ನುವಾಗ ತಾಯಿ ಪಕ್ಕದಲ್ಲಿಲ್ಲ. ಹೋಗಬೇಕೆಂದರೆ ಆ ಬಸ್ಸು, ಆ ಘಾಟಿ, ಆ ಆಣೆ. ಹಣ್ಣಿನಮ್ಮ ಕೆಲವು ದಿನ ಯಾರನ್ನೂ ಕಿಟಕಿ ಕಡೆ, ಬಾಗಿಲ ಕಡೆ ಎನ್ನಲಿಲ್ಲ. ನಾವು ಎಲ್ಲೆಂದರಲ್ಲಿ ಕೂತೆವು, ಚೆನ್ನಾಗಿರಲಿಲ್ಲ. ಒಂದು ಸಂಜೆ ತಾಂಡವಪುರದ ಸಿಗ್ನಲ್ಲಿನ ಕೈಮರ ಬೀಳದೆ ಗಾಡಿ ನಿಂತಿತ್ತು. ಕತ್ತಲಾಗುತ್ತಿದ್ದ ಬಯಲನ್ನು ನೋಡುತ್ತ ಕೂತಿದ್ದವಳು ತಟ್ಟನೆ ತೊಡೆ ತಟ್ಟಿಕೊಂಡಳು. "ರೈಲು ಮಗ್ಳತ್ರಕ್ಕೆ ಹೋಗ್ದಿದ್ರೆ ಬುಡ್ತು. ನಾನ್ ಹೋಯ್ತೀನಿ!"

ಅಬ್ಬಾ, ಆ ಬೆಳಗ್ಗೆ! ಖಾಲಿ ಕುಕ್ಕೆಯ ಬದಲು ರಸಬಾಳೆಯ ಇಡೀ ಗೊನೆ, ಗೋಣಿಚೀಲ ಸುತ್ತಿದ ಗಂಟು, ಮೂಸಿ ನೋಡಲು ನಿಂಬೆಹಣ್ಣು. ಚಾಮರಾಜಪುರಂನಲ್ಲಿ ಅವಳು ಹತ್ತಿದಾಗ ಡಬ್ಬಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನರ್ಸಮ್ಮ ಹತ್ತಿಯ ಕಟ್ಟು ತಂದಿದ್ದರು. ನಾನು ಅಮ್ಮನ ಮೆತ್ತನೆಯ ಹಳೆ ಸೀರೆ ತಂದಿದ್ದೆ. ಮೈಸೂರಿನಲ್ಲಿ ಮುಂಜಾನೆಯೇ ಮೊಸರು ಮಾರಿ ಖಾಲಿ ಗಡಿಗೆಯೊಂದಿಗೆ ಊರಿಗೆ ಮರಳುತ್ತಿದ್ದ ಕಡಕೊಳದ ಮೊಸರಮ್ಮ ಮಾತ್ರ ತಂದದ್ದನ್ನು ತೋರಿಸದೆ ಕೂತಿದ್ದಳು. ಅಶೋಕಪುರಂ ದಾಟಿದ್ದೇ ಎದ್ದು ನಿಂತು, ಹಣ್ಣಿನಮ್ಮನ ಮುಂದೆ ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆಯಡಿಕೆ ಹಿಡಿದಳು.

"ಸೆರಗು ಹಿಡಿ. ಮಡ್ಲಕ್ಕಿ."

ಹಣ್ಣಿನಮ್ಮ ಹಿಂದೆ ಸರಿದಳು. "ನಂಗ್ಯಾಕವ್ವಾ? ನಾನು ಗಂಡ ಸತ್ತೋಳು."

"ನಿಂಗಲ್ಲ ಕಣೇ, ನಿನ್ ಮಗ್ಳಿಗೆ. ತವರಿಗೆ ಬರಕ್ಕಾಗ್ದೋಳ್ಗೆ ತವರೇ ಹೊತ್ಕೊಂಡು ಹೋಗ್ಬೇಕು. ಬಿರ್ರನೆ ಹಿಡಿ, ಕಡಕೊಳ ಬಂತು, ನಾನ್ ಇಳೀಬೇಕು!"

ಓಲಾಡುವ ಗಾಡಿಯಲ್ಲಿ, ಅರ್ಧ ಅಕ್ಕಿ ನೆಲಕ್ಕೆ ಚೆಲ್ಲುತ್ತ, ನಾವೆಲ್ಲ ಸಾಲಾಗಿ ಬಂದು ಅವಳ ಮಡಿಲು ತುಂಬಿದೆವು. ಅವಳು ಅಳುತ್ತಲೂ ಇದ್ದಳು, ಚೆಲ್ಲಿದ್ದಕ್ಕೆ ಬೈಯುತ್ತಲೂ ಇದ್ದಳು. ಕಡಕೊಳದಲ್ಲಿ ಟೋಕನ್ ಬಳೆ ಡ್ರೈವರ್ ಕೈಸೇರಿದ್ದನ್ನು ಕಂಡು, ಕಣ್ಣೊರೆಸಿಕೊಂಡು, "ಇವತ್ತು ನಂಗೂ ಸಿಕ್ತು ತಾಂಬೂಲ" ಎಂದಳು.

ನಾನು ಆ ದಿನ ರಜೆ ಹಾಕಿದ್ದೆ. ನಂಜನಗೂಡಿನಲ್ಲಿ ಇಳಿಯದೆ ಅವಳ ಜೊತೆ ಚಾಮರಾಜನಗರದವರೆಗೂ ಹೋದೆ. ಬಸ್ಸಿಗೆ ಇನ್ನೂ ಹೊತ್ತಿತ್ತು. "ಕಂಬಿ ಎಲ್ಲಿ ಮುಗೀತದೆ ತೋರ್ಸಿ" ಎಂದಳು. ಪ್ಲಾಟ್‌ಫಾರಂ ದಾಟಿ ಹೋದರೆ ಒಂದು ಮಣ್ಣಿನ ದಿಬ್ಬ, ಅದಕ್ಕೆ ಅಡ್ಡ ಒಂದು ಮರದ ದಿಮ್ಮಿ, ಆಚೆ ಮುಳ್ಳುಗಿಡ. ದೂರದಲ್ಲಿ ಬೆಟ್ಟದ ಸಾಲು. ಹಣ್ಣಿನಮ್ಮ ಆ ದಿಮ್ಮಿಯನ್ನು ಕಾಲಿನಿಂದ ಒಮ್ಮೆ ತಳ್ಳಿ ನೋಡಿದಳು. "ಇಷ್ಟೇಯಾ? ಇನ್ನೊಂಚೂರು ಎಳ್ದಿದ್ರೆ ಆಗ್ತಿತ್ತು..." ಎಂದಳು. ಆಮೇಲೆ ಗೊನೆ ಹೊತ್ತು, ನಿಂಬೆಹಣ್ಣು ಮೂಗಿಗೆ ಹಿಡಿದು, ತಿರುಗಿ ನೋಡದೆ ಬಸ್ಸು ಹತ್ತಿದಳು. ಯುದ್ಧಕ್ಕೆ ಹೊರಟವರೂ ಅಷ್ಟು ಬಿಗುವಾಗಿ ಕೂರಲಿಕ್ಕಿಲ್ಲ.

ನಂತರದ ದಿನಗಳಲ್ಲಿ ಸೇತುವೆ ಬಂದರೆ ಇಡೀ ಡಬ್ಬಿ ಕಿಟಕಿಗೆ ಮುಗಿಬೀಳುತ್ತಿತ್ತು. ಕೊನೆಗೊಂದು ದಿನ ಗೇಟಿನಲ್ಲಿ ಆ ಲಾರಿ! ಡ್ರೈವರು ಲಾರಿಯ ಮೆಟ್ಟಿಲ ಮೇಲೆಯೇ ನಿಂತಿದ್ದ. "ಹೆಣ್ಣು ಕೂಸು! ಇಬ್ರೂ ಚೆನ್ನಾಗವ್ರೆ!" ನಾವು ಕೂಗಿದ ಕೂಗಿಗೆ ಕಪಿಲೆಯಲ್ಲಿ ಬಟ್ಟೆ ಒಗೆಯುತ್ತಿದ್ದವರೆಲ್ಲ ತಲೆಯೆತ್ತಿದರು. ಅವನಿನ್ನೂ ಏನೋ ಹೇಳುತ್ತಿದ್ದ. ಎಂಜಿನ್ನಿನ ಸದ್ದಿನ ನಡುವೆ ಕೈ ಬಾಯಿಗೆ ಅಡ್ಡ ಹಿಡಿದು ಮತ್ತೆ ಕೂಗಿದ. "ಅಮ್ಮ ಕೂಸಿನ್ ಜೊತೆ ರೈಲಲ್ಲೇ ಬತ್ತಾರಂತೆ! ಸರ್ವೆ ಆಯ್ತಾ ಅಂತ ಕೇಳವ್ರೆ!"

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಸೇತುವೆ ಮುಗಿಯುತ್ತಿತ್ತು. ಯಾರು ಮೊದಲು ಬಾಯಿ ತೆರೆದರೋ ನೆನಪಿಲ್ಲ. ಎಲ್ಲರೂ ಒಟ್ಟಿಗೆ ಕೂಗಿದೆವು. "ಆಯ್ತಾ ಐತೆ ಅಂತ ಹೇಳಪ್ಪಾ!"

ಹಣ್ಣಿನಮ್ಮ ಮರಳಿ ಬರಲಿಲ್ಲ, ಮಗಳ ಹತ್ತಿರವೇ ಉಳಿದುಬಿಟ್ಟಳು. ನನಗೆ ಮೈಸೂರಿಗೇ ವರ್ಗವಾಯಿತು, ಪಾಸು ಹಿಂದಿರುಗಿಸಿದೆ. ಮೊಸರಮ್ಮ, ನರ್ಸಮ್ಮ, ಗಾರ್ಡ್ ಸಾಹೇಬರು... ಯಾರೂ ಈಗಿಲ್ಲ. ಗಾಡಿ ಅಗಲ ಹಳಿಯ ಮೇಲೆ ಓಡುತ್ತದೆ, ಹೊಸ ಸೇತುವೆ ಬಂದಿದೆ, ಹಳೆಯದು ಪಕ್ಕದಲ್ಲಿ ಸುಮ್ಮನೆ ನಿಂತಿದೆ. ಕಂಬಿ ಮಾತ್ರ ಇವತ್ತಿಗೂ ಚಾಮರಾಜನಗರಕ್ಕೇ ಮುಗಿಯುತ್ತದೆ. ಕೆಲವು ವರ್ಷಕ್ಕೊಮ್ಮೆ ಪತ್ರಿಕೆಯಲ್ಲಿ ಬೆಟ್ಟದಾಚೆಯ ರೈಲಿನ ಮಾತು ಬರುತ್ತದೆ. ಸರ್ವೆ ಎಂಬ ಅಕ್ಷರ ಕಂಡರೆ ನನಗೆ ಈಗಲೂ ಮೊದಲು ಕಾಣುವುದು ನೆಟ್ಟಗಿನ ಆ ಮರಗಳೇ, ಎದೆ ಒಮ್ಮೆ ಹಾರುತ್ತದೆ.

ಹಣ್ಣಿನಮ್ಮ ಘಾಟಿಯಾಚೆಯೇ ಎಲ್ಲೋ ಮಣ್ಣಾಗಿರಬೇಕು. ಆ ಕೂಸೂ ಈಗ ಅಜ್ಜಿಯಾಗಿರುತ್ತಾಳೆ. ನಾನು ಹಣ್ಣು ಸುಲಿದು ಕಿಟಕಿಯ ಹತ್ತಿರ ಕೂತೆ. ಕೂಗಿ ಹೇಳೋಣವೆಂದರೆ ಸೇತುವೆಯಲ್ಲಿ ಗೇಟೂ ಇಲ್ಲ, ಲಾರಿಯೂ ಇಲ್ಲ. ಆಯ್ತಾ ಐತೆ ಕಣಮ್ಮ, ಇನ್ನೂ ಆಯ್ತಾನೇ ಐತೆ.